ಕಾಫಿ ಕಲಿತವರಿಗೆ ಕನ್ನಡ ಕಲಿಸಲು ಬಾರದೆ?

ಸಂಘದ ಯಾವ ಸಮಾರಂಭಕ್ಕೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಸ್ವಾಮೀ, ದಿಲ್ಲಿಯಲ್ಲಿ ಕನ್ನಡ ಹೇಗೆ ಬಂದೀತು?” ಹೀಗೆ ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಲೋಟ ಫಿಲ್ಟರ್ ಕಾಫಿ ಇರುತ್ತದೆ. ಅವರ ಪ್ರಶ್ನೆಗೆ ಆ ಲೋಟದಲ್ಲೇ ಉತ್ತರವಿದೆ ಎಂಬುದು ನಮ್ಮ ವಾದ.

ನಾವು ವಿಜಯಪುರ ಜಿಲ್ಲೆಯವರು. ನಮ್ಮ ಮನೆಯಲ್ಲಿ ಬೆಳಗಾದರೆ ಚಹಾ. 2004ರಲ್ಲಿ ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಗುಮಾಸ್ತರಾಗಿ ದಿಲ್ಲಿಗೆ ಬಂದೆವು. ಮೈಸೂರು ಕಡೆಯ ಸಹೋದ್ಯೋಗಿಯೊಬ್ಬರ ಜೊತೆ ಒಂದೇ ಕೋಣೆಯಲ್ಲಿ ವಾಸ. ಅವರು ದಿನಾ ಬೆಳಿಗ್ಗೆ ಆರಕ್ಕೆ ಡಿಕಾಕ್ಷನ್ ಇಳಿಸಿ ನಮಗೂ ಒಂದು ಲೋಟ ಕೊಡುವರು. ಮೊದಲ ವಾರ ಕಷಾಯವೆಂದು ಮುಖ ಕಿವುಚಿದೆವು. ತಿಂಗಳು ತುಂಬುವಷ್ಟರಲ್ಲಿ ನಾವೇ ಎದ್ದು ನೀರು ಕಾಯಿಸತೊಡಗಿದೆವು. ಸಂಜೆಗೆ ಮೋಹನ್ ಸಿಂಗ್ ಪ್ಲೇಸಿನ ಕಾಫಿ ಹೌಸೂ ಸೇರಿಕೊಂಡಿತು. ಊರಿನಲ್ಲಿಲ್ಲದ ಚಟ ಪರಊರಿನಲ್ಲಿ ಹತ್ತಿತು. ಯಾರೂ ಪಾಠ ಹೇಳಲಿಲ್ಲ. ದಿನವೂ ಒಬ್ಬರು ಕೊಟ್ಟರು, ದಿನವೂ ನಾವು ಕುಡಿದೆವು, ಅಷ್ಟೆ.

ಕಾಫಿಯಾದರೂ ನಮ್ಮ ನೆಲದ್ದೆ? ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಕಥೆ. ಇಂದು ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ಆರೈಕೆ ಸಿಕ್ಕಿದ್ದರಿಂದ ಪರದೇಶದ ಬೀಜ ಅಲ್ಲಿ ಬೇರೂರಿತು. ನಮ್ಮ ಮಾತು ಮಾತ್ರ ದಿಲ್ಲಿಯ ಕ್ವಾರ್ಟರ್ಸಿನಲ್ಲಿ ಬೇರೂರದು ಎಂದರೆ ಯಾವ ನ್ಯಾಯ?

ರಜೆ ಮುಗಿಸಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವ ನಮ್ಮವರ ಪೆಟ್ಟಿಗೆ ತೆರೆದು ನೋಡಿ. ನಾಲ್ಕು ಕಿಲೋ ಕಾಫಿಪುಡಿ ಇರುತ್ತದೆ. ಚಿಕೋರಿ ಶೇಕಡಾ 20 ಸಾಕೋ 30 ಬೇಕೋ ಎಂದು ಅಂಗಡಿಯವನೊಡನೆ ಅರ್ಧ ಗಂಟೆ ವಾದಿಸಿ ಕೊಂಡದ್ದು. ಮಕ್ಕಳಿಗೊಂದು ಕನ್ನಡ ಪುಸ್ತಕ? “ಜಾಗ ಇರಲಿಲ್ಲ.”

ಅನ್ಯರನ್ನು ಆಡಿಕೊಳ್ಳುತ್ತಿಲ್ಲ, ನಾವೂ ತಪ್ಪಿತಸ್ಥರೇ. ಕಳೆದ ವರ್ಷ ನಮ್ಮ ತಾಯಿ ಬಂದು ಹದಿನೈದು ದಿನ ಇದ್ದರು. “ಚಾ ತಾ ಅವ್ವಿ” ಎಂದರೆ ಮಗಳಿಗೆ ಚಾ ಎಂಬುದೊಂದು ತಿಳಿಯುತ್ತಿತ್ತು. ತಂದುಕೊಟ್ಟು ಸುಮ್ಮನೆ ನಿಲ್ಲುವಳು. ಮುಂದಿನ ಮಾತು ಅವಳಿಗೆ ತಿಳಿಯದು, ಇವರಿಗೆ ಹಿಂದಿ ಬಾರದು. ಹೊರಡುವ ದಿನ ತಾಯಿ, “ಕೂಸು ಭಾಳ ಶಾಣ್ಯಾ ಐತಿ. ಆದ್ರ ನನ್ನ ಕೂಡ ಒಂದ ಮಾತ ಆಡಲಿಲ್ಲ ನೋಡು” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

“ಸಂಘ ಭಾನುವಾರದ ತರಗತಿ ನಡೆಸಲಿ” ಎನ್ನುತ್ತಾರೆ. ನಡೆಸಲಿ, ಬೇಡವೆನ್ನೆವು. ಆದರೆ ಭಾನುವಾರಕ್ಕೊಮ್ಮೆ ಕುಡಿದು ಕಾಫಿ ಚಟ ಹತ್ತಿಸಿಕೊಂಡವರನ್ನು ನಾವು ಕಂಡಿಲ್ಲ. ಬಿಸಿನೀರು ಪುಡಿಯೊಳಗಿಂದ ನಿಧಾನವಾಗಿ, ಹನಿಹನಿಯಾಗಿ ಇಳಿದರೇನೇ ಸಾರ ಬರುವುದು. ಅವಸರ ಮಾಡಿದರೆ ಬರೀ ಬಣ್ಣದ ನೀರು. ಮನೆಮಾತೂ ಹಾಗೆಯೇ, ಮನೆಯಲ್ಲೇ ಇಳಿಯಬೇಕು.

ಈ ಯುಗಾದಿಯಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಕಾಲು ಗಂಟೆ ಕನ್ನಡವಲ್ಲದೆ ಬೇರೆ ಮಾತಿಲ್ಲ. ಮಗಳು ಮುಖ ಕಿವುಚುತ್ತಾಳೆ. ನಾವೂ ಒಮ್ಮೆ ಕಿವುಚಿದವರೇ. ವಾರಕ್ಕೊಮ್ಮೆ ಅಜ್ಜಿಗೆ ಫೋನು ಮಾಡಿ ನಾಲ್ಕು ಮಾತಾಡುವಷ್ಟು ಬಂದಿದೆ.

ಇದನ್ನು ಒಪ್ಪದವರು ಪತ್ರಿಕೆಗೆ ಧಾರಾಳವಾಗಿ ಬರೆಯಲಿ. ಸಾಧ್ಯವಾದರೆ ಆ ಪತ್ರವನ್ನು ಮೊದಲು ತಮ್ಮ ಮಕ್ಕಳಿಂದ ಓದಿಸಲಿ.