ಪತಂಗಗಳ ಹಾಜರಿ ಪುಸ್ತಕ

ಪತಂಗ ಮುತ್ತಿದರೆ ದೀಪ ಆರಿಸುವವರೇ ಹೆಚ್ಚು. ಬ್ರಿಟನ್ನಿನಲ್ಲಿ ಪತಂಗಗಳಿಗೆಂದೇ ಹಿತ್ತಿಲಲ್ಲಿ ದೀಪ ಹಚ್ಚಿಡುವ ಹವ್ಯಾಸಿಗಳಿದ್ದಾರೆ. ಅಲ್ಲಿನ ಬೇಸಿಗೆಯಾದ ಜೂನ್, ಜುಲೈ, ಆಗಸ್ಟ್ ಅವರಿಗೆ ಸುಗ್ಗಿ.

ಪೆಟ್ಟಿಗೆಯ ಮೇಲೊಂದು ಪ್ರಖರ ದೀಪ, ಅದರಡಿ ಲಾಳಿಕೆ, ಒಳಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳು. 'ಬೆಳಕಿನ ಬಲೆ' ಎಂದರೆ ಇಷ್ಟೇ. ದೀಪ ಸುತ್ತುವ ಪತಂಗ ಲಾಳಿಕೆಯೊಳಗೆ ಜಾರಿ ರಟ್ಟಿನ ಕುಳಿಗಳಲ್ಲಿ ಅಡಗುತ್ತದೆ. ಬೆಳಿಗ್ಗೆ ಪ್ರತಿಯೊಂದರ ಜಾತಿ ಗುರುತಿಸಿ, ಎಣಿಸಿ, ಬರೆದಿಟ್ಟು, ಹಕ್ಕಿಗಳ ಕಣ್ಣಿಗೆ ಬೀಳದಂತೆ ಪೊದೆಯೊಳಗೆ ಬಿಟ್ಟುಬಿಡುತ್ತಾರೆ.

ಒಂದು ರಾತ್ರಿಯ ಲೆಕ್ಕದಿಂದ ಹೆಚ್ಚೇನೂ ತಿಳಿಯದು. ಸೆಕೆಯ, ಮೋಡದ ರಾತ್ರಿ ಪೆಟ್ಟಿಗೆ ತುಂಬುತ್ತದೆ. ಚಳಿಗಾಳಿ ಬೀಸಿದರೆ ಖಾಲಿ. ಆದ್ದರಿಂದಲೇ 'ಗಾರ್ಡನ್ ಮಾತ್ ಸ್ಕೀಮ್' ಸದಸ್ಯರು ಮಾರ್ಚ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅದೇ ಬಲೆ ಇಡುತ್ತಾರೆ. ಒಂದೂ ಬೀಳದಿದ್ದರೆ ಸೊನ್ನೆ ಬರೆಯುತ್ತಾರೆ. ಸೊನ್ನೆಯೂ ಲೆಕ್ಕವೇ.

ಇಂಥ ಹಟದ ಬೆಲೆ ದೊಡ್ಡದು. ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬಲೆಗಳ ಜಾಲ 1968ರಿಂದ ಇಟ್ಟ ದಾಖಲೆಗಳನ್ನು 2021ರ ವರದಿಯೊಂದು ಪರಿಶೀಲಿಸಿತು. 2017ರ ಹೊತ್ತಿಗೆ ಬ್ರಿಟನ್ನಿನ ದೊಡ್ಡ ಪತಂಗಗಳ ಒಟ್ಟು ಸಂಖ್ಯೆ ಶೇ. 33ರಷ್ಟು ಕುಸಿದಿತ್ತು. ಮೂರರಲ್ಲೊಂದು ಮಾಯ! ವರ್ಷವರ್ಷವೂ ತುಸುತುಸುವೇ ಇಳಿದದ್ದು ಬರಿಗಣ್ಣಿಗೆ ಕಾಣುವಂಥದ್ದಲ್ಲ.

ಎಷ್ಟೋ ಹಕ್ಕಿಮರಿಗಳು ಬೆಳೆಯುವುದು ಪತಂಗದ ಮರಿಹುಳು ತಿಂದು. ಬಾವಲಿಗಳಿಗೆ ಪತಂಗವೇ ರಾತ್ರಿಯೂಟ. ಹಾಜರಿ ಕರೆಯುವವರೇ ಇಲ್ಲದಿದ್ದರೆ, ಗೈರುಹಾಜರಾದವರು ಯಾರೆಂದು ಗೊತ್ತಾಗುವುದು ಹೇಗೆ?