ಬೆವರು ಜನರದು, ಬೀಗದ ಕೈ ಯಾರದು?

ದುಡಿದು ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿಲ್ಲವೆನ್ನುವವರು ಗಿರಣಿಯ ಆಫೀಸಿನಲ್ಲಿ ಮಾತ್ರ ಇರುವರೆಂದು ಭಾವಿಸಬೇಡಿ. ದೇವರ ಮನೆಯಲ್ಲಿಯೂ ಇದ್ದಾರೆ. ಅಮೆರಿಕದ ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಂದು ಇಗರ್ಜಿಯ ವ್ಯಾಜ್ಯವನ್ನು ನಮ್ಮ ವಾಚಕರು, ಅವರ ಧರ್ಮ ಯಾವುದೇ ಇರಲಿ, ಗಮನವಿಟ್ಟು ಓದಬೇಕು.

ಪೋಲೆಂಡಿನಿಂದ ವಲಸೆ ಬಂದ ಕಥೋಲಿಕರು 1880ರಲ್ಲಿ ಅಲ್ಲಿ ಸೇಂಟ್ ಸ್ಟಾನಿಸ್ಲಾಸ್ ಇಗರ್ಜಿಯನ್ನು ಸ್ಥಾಪಿಸಿದರು. 1891ರಲ್ಲಿ ಅಂದಿನ ಆರ್ಚ್‌ಬಿಷಪ್ ಪೀಟರ್ ಕೆನ್ರಿಕ್ ಅದರ ಆಸ್ತಿಯನ್ನು ಅದೇ ಇಗರ್ಜಿಯ ಜನರ ಕಾರ್ಪೊರೇಷನ್ನಿಗೆ ಬರೆದುಕೊಟ್ಟರು. ಪೂಜೆ, ಬೋಧನೆ ಪಾದ್ರಿಗಳದು. ನೆಲ, ಕಟ್ಟಡ, ಹಣ ಜನರ ಮಂಡಳಿಯದು. ಈ ಏರ್ಪಾಡು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ದೇವರು ಮುನಿಯಲಿಲ್ಲ.

ಮುನಿದವರು ಮೇಲಧಿಕಾರಿಗಳು. 2004ರಲ್ಲಿ ಅಧಿಕಾರಕ್ಕೆ ಬಂದ ಆರ್ಚ್‌ಬಿಷಪ್ ರೇಮಂಡ್ ಬರ್ಕ್, ಆಡಳಿತವನ್ನು ತಮ್ಮ ನಿಯಮಕ್ಕೆ ಒಳಪಡಿಸಿರೆಂದರು. ಮಂಡಳಿ ಒಪ್ಪಲಿಲ್ಲ. ಅದೇ ವರ್ಷ ಪಾದ್ರಿಗಳನ್ನೇ ಹಿಂದಕ್ಕೆ ಕರೆಸಿಕೊಂಡರು! ಮದುವೆಗೂ ಪಾದ್ರಿಯಿಲ್ಲ, ಮಣ್ಣಿಗೂ ಪಾದ್ರಿಯಿಲ್ಲ. ಇದಕ್ಕೆ ನಮ್ಮ ಗಿರಣಿಯ ಭಾಷೆಯಲ್ಲಿ ಲಾಕೌಟ್ ಎನ್ನುತ್ತೇವೆ.

2005ರ ಡಿಸೆಂಬರಿನಲ್ಲಿ ಮಂಡಳಿಯು ಮಾರೆಕ್ ಬೋಜೆಕ್ ಎಂಬ ಪೋಲಿಷ್ ಪಾದ್ರಿಯನ್ನು ತಾನೇ ಕರೆತಂದಿತು. ಕೂಡಲೇ ಆ ಪಾದ್ರಿಗೂ ಮಂಡಳಿಯ ಸದಸ್ಯರಿಗೂ ಧರ್ಮದಿಂದ ಬಹಿಷ್ಕಾರ. ಆದರೂ ಆ ಕ್ರಿಸ್ಮಸ್ ರಾತ್ರಿ ಇಗರ್ಜಿ ಜನರಿಂದ ಕಿಕ್ಕಿರಿದು ತುಂಬಿತು.

ಮೇಲಿನವರಿಗೂ ಒಂದು ವಾದವಿತ್ತು. ಮಂಡಳಿಯವರು ತಮ್ಮ ನಿಬಂಧನೆಗಳನ್ನು ತಿದ್ದಿ ಆರ್ಚ್‌ಬಿಷಪ್ಪರ ಅಧಿಕಾರವನ್ನು ಕುಗ್ಗಿಸಿದರೆಂಬುದು ಆ ವಾದ. ತಿದ್ದಿದ್ದು ನಿಜವೇ, ನಾವು ಮುಚ್ಚಿಡುವುದಿಲ್ಲ. ಆದರೆ ನಿಬಂಧನೆಯ ಜಗಳಕ್ಕೆ ಮಾತುಕತೆಯಿದೆ, ನ್ಯಾಯಾಲಯವಿದೆ. ನಂಬಿದವನ ಆತ್ಮವನ್ನೇ ಒತ್ತೆಯಿಟ್ಟುಕೊಂಡು ಆಸ್ತಿಯ ಹಿಡಿತ ಕೇಳುವುದು ಧರ್ಮವಲ್ಲ. ಅದು ಬಡ್ಡಿ ಸಾಹುಕಾರನ ದಾರಿ.

ಮಂಡಳಿಯ ಕೆಲವರು ಮೇಲಧಿಕಾರಿಗಳೊಡನೆ ರಾಜಿಯಾದರು. ಅವರನ್ನು ನಾವು ಹಳಿಯುವುದಿಲ್ಲ. ಮುಷ್ಕರದ ನಡುವೆ ಮನೆಯ ಹಸಿವು ತಾಳದೆ ಕೆಲಸಕ್ಕೆ ಹಿಂದಿರುಗಿದ ಜೊತೆಗಾರರನ್ನು ಕಂಡವರಿಗೆ ಆ ಸಂಕಟ ಗೊತ್ತು.

2008ರಲ್ಲಿ ವ್ಯಾಜ್ಯ ನ್ಯಾಯಾಲಯ ಹತ್ತಿತು. 2012ರ ಮಾರ್ಚಿಯಲ್ಲಿ ತೀರ್ಪು ಬಂದಿತು: ಆಸ್ತಿ ಜನರ ಕಾರ್ಪೊರೇಷನ್ನಿನದೇ! ಮೇಲ್ಮನವಿ ಹೂಡಿದ್ದ ಧರ್ಮಾಧಿಕಾರಿಗಳು 2013ರಲ್ಲಿ ಅದನ್ನು ಕೈಬಿಟ್ಟರು. ಇಗರ್ಜಿ ಜನರ ಕೈಯಲ್ಲಿ ಉಳಿಯಿತು. ರೋಮಿನೊಡನೆ ಇದ್ದ ನಂಟು ಮಾತ್ರ ಕಡಿಯಿತು. ಗೆಲುವಿಗೂ ಬೆಲೆ ತೆರಬೇಕಾಗುತ್ತದೆ.

ದೂರದೇಶದ ಇಗರ್ಜಿಯ ಉಸಾಬರಿ ನಮಗೇಕೆಂದು ಕೇಳುವವರುಂಟು. ಅವರನ್ನು ನಾವು ಕೇಳುತ್ತೇವೆ: ನೀವು ಕಾಸು ಹಾಕಿದ ದೇವಸ್ಥಾನದ ಹುಂಡಿಯ ಲೆಕ್ಕ ಯಾರ ಬಳಿ ಇದೆ? ನಿಮ್ಮ ಸಹಕಾರ ಸಂಘದ ಮಹಾಸಭೆ ಕಳೆದ ಸಲ ಎಂದು ಸೇರಿತು? ವರ್ತಕರ ಸಂಘದ ನಿಬಂಧನೆಗಳನ್ನು ಎಷ್ಟು ಮಂದಿ ಓದಿದ್ದೀರಿ? ಕಾರ್ಮಿಕ ಸಂಘವನ್ನೂ ಕೇಳಿ. ನಮ್ಮ ಪಕ್ಷದ ಕಚೇರಿಯನ್ನೂ ಬಿಡಬೇಡಿ. ಚಂದಾ ಎತ್ತಲು ಮನೆ ಬಾಗಿಲಿಗೆ ಬರುವ ನಾವು, ಲೆಕ್ಕ ಕೇಳಿದಾಗ ಮೇಲಿನ ಸಮಿತಿಯತ್ತ ಬೆರಳು ತೋರಿಸಿದರೆ, ನಮಗೂ ಆ ಆರ್ಚ್‌ಬಿಷಪ್ಪರಿಗೂ ಏನು ವ್ಯತ್ಯಾಸ?

ಬಂಧುಗಳೇ, ಕೊಟ್ಟ ಕಾಸಿಗೆ ರಸೀತಿ ಪಡೆಯಿರಿ. ಮಹಾಸಭೆಗೆ ತಪ್ಪದೆ ಬನ್ನಿ. 1891ರ ಒಂದು ಕಾಗದ 2012ರಲ್ಲಿ ಜನರನ್ನು ಕಾಯಿತು. ನಿಮ್ಮ ಕಾಗದ ಜೋಪಾನ!