ಲ್ಯಾಪ್‌ಟಾಪ್ ಕ್ಯಾಮೆರಾ ‘ಸಿಗುತ್ತಿಲ್ಲ’ ಎಂದರೆ ಹ್ಯಾಕ್ ಆಗಿದೆ ಎಂದರ್ಥವೇ?

ಆನ್‌ಲೈನ್ ಸಂದರ್ಶನ, ಮಕ್ಕಳ ಕ್ಲಾಸು, ದೂರದ ಊರಿನಲ್ಲಿರುವ ಮಗಳ ಜೊತೆ ವಿಡಿಯೊ ಕರೆ. ಸರಿಯಾಗಿ ಇಂಥ ಹೊತ್ತಿನಲ್ಲೇ ಲ್ಯಾಪ್‌ಟಾಪ್ ಪರದೆಯ ಮೇಲೆ ‘ಕ್ಯಾಮೆರಾ ಸಿಗುತ್ತಿಲ್ಲ’ ಎಂಬ ಸಂದೇಶ ಬರುತ್ತದೆ. ನಿನ್ನೆವರೆಗೆ ಸರಿಯಿದ್ದ ಕ್ಯಾಮೆರಾ ಇವತ್ತು ಎಲ್ಲಿ ಹೋಯಿತು? ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ತಲೆಗೊಂದು ಉತ್ತರ: ‘ಯಾರೋ ಹ್ಯಾಕ್ ಮಾಡಿದ್ದಾರೆ’, ‘ಮದರ್‌ಬೋರ್ಡ್ ಹೋಗಿದೆ’, ‘ಈ ಲಿಂಕ್‌ನಿಂದ ಡ್ರೈವರ್ ಹಾಕಿಕೊಳ್ಳಿ’, ‘ಈ ನಂಬರಿಗೆ ಫೋನ್ ಮಾಡಿ’.

ಮೊದಲೆರಡು ಉತ್ತರಗಳು ಬರೀ ಊಹೆ. ಕೊನೆಯ ಎರಡನ್ನು ನಂಬಿದರೆ ಕ್ಯಾಮೆರಾ ಜೊತೆಗೆ ಬ್ಯಾಂಕ್ ಖಾತೆಯ ಹಣವೂ ಹೋಗಬಹುದು. ಹಾಗಾದರೆ ನಿಜವಾಗಿ ಏನಾಗಿರುತ್ತದೆ?

‘ಸಿಗುತ್ತಿಲ್ಲ’ ಬೇರೆ, ‘ಕಪ್ಪಾಗಿದೆ’ ಬೇರೆ

ಲ್ಯಾಪ್‌ಟಾಪ್ ಪರದೆಯ ಮೇಲಂಚಿನಲ್ಲಿರುವ ಕ್ಯಾಮೆರಾ ಒಂದು ಸಣ್ಣ ಬಿಡಿಭಾಗ. ಅಲ್ಲಿಂದ ಒಂದು ತೆಳ್ಳನೆಯ ಕೇಬಲ್ ಹೊರಟು, ಮುಚ್ಚಳದ ಹಿಂಜ್ ಹಾದು, ಮದರ್‌ಬೋರ್ಡ್ ಸೇರುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಒಳಗಿನ ಯುಎಸ್‌ಬಿ ಸಂಪರ್ಕವೇ. ನಾವು ಹೊರಗೆ ಪೆನ್‌ಡ್ರೈವ್ ಚುಚ್ಚುವಂತೆ, ಕ್ಯಾಮೆರಾ ಒಳಗೆ ಕಾಯಂ ಆಗಿ ಚುಚ್ಚಿಕೊಂಡಿರುತ್ತದೆ.

ಹಾಗಾಗಿ ಚಿತ್ರ ನಿಮ್ಮ ಆ್ಯಪ್‌ಗೆ ತಲುಪಬೇಕಾದರೆ ಹಲವು ಬಾಗಿಲು ದಾಟಬೇಕು: ಸ್ವಿಚ್, ಕೇಬಲ್, ಡ್ರೈವರ್, ವಿಂಡೋಸ್‌ನ ಅನುಮತಿ, ಕೊನೆಗೆ ಆ್ಯಪ್‌ನ ಅನುಮತಿ. ಯಾವ ಬಾಗಿಲು ಮುಚ್ಚಿದರೂ ಬಳಕೆದಾರರಿಗೆ ಕಾಣುವುದು ಒಂದೇ, ‘ಕ್ಯಾಮೆರಾ ಇಲ್ಲ’. ಯಾವ ಬಾಗಿಲು ಎಂದು ಪತ್ತೆ ಮಾಡುವುದೇ ಅರ್ಧ ರಿಪೇರಿ.

ಒಂದು ಸುಳಿವು ಮೊದಲೇ ಸಿಗುತ್ತದೆ. ಲೆನ್ಸ್ ಮೇಲೆ ಸ್ಟಿಕ್ಕರ್ ಇದ್ದರೆ ಅಥವಾ ಸರಿಸುವ ಮುಚ್ಚಳ ಮುಚ್ಚಿದ್ದರೆ ಕ್ಯಾಮೆರಾ ಸಿಗುತ್ತದೆ, ಚಿತ್ರ ಮಾತ್ರ ಕಪ್ಪಾಗಿರುತ್ತದೆ. ಕ್ಯಾಮೆರಾವೇ ಸಿಗುತ್ತಿಲ್ಲ ಎಂದರೆ ಕಾರಣ ಬೇರೆ ಕಡೆ ಇದೆ. ವಿಂಡೋಸ್‌ನ ಕ್ಯಾಮೆರಾ ಆ್ಯಪ್ ತೆರೆದಾಗ ಬರುವ ಕೋಡ್ ಕೂಡ ಸಹಾಯ ಮಾಡುತ್ತದೆ. ಅದರಲ್ಲಿ 4244 ಇದ್ದರೆ ಕ್ಯಾಮೆರಾ ಜೋಡಣೆಯಾಗಿಲ್ಲ ಎಂದರ್ಥ. 4243 ಇದ್ದರೆ ಬೇರೊಂದು ಆ್ಯಪ್ ಅದನ್ನು ಹಿಡಿದುಕೊಂಡಿದೆ. ಆಗ ಝೂಮ್, ಟೀಮ್ಸ್, ಬ್ರೌಸರ್ ಎಲ್ಲವನ್ನೂ ಮುಚ್ಚಿ ನೋಡಿ.

ಹಂತ ಹಂತವಾಗಿ ಏನು ನೋಡಬೇಕು?

1. ಸ್ವಿಚ್ ಮತ್ತು ಕೀ. ಕೆಲವು ಲೆನೊವೊ ಲೀಜನ್, ಎಚ್‌ಪಿ ಮಾದರಿಗಳಲ್ಲಿ ಬದಿಯಲ್ಲಿ ಕ್ಯಾಮೆರಾಗೆಂದೇ ಸಣ್ಣ ಸ್ವಿಚ್ ಇದೆ. ಇನ್ನು ಕೆಲವು ಲ್ಯಾಪ್‌ಟಾಪ್‌ಗಳ ಕೀಬೋರ್ಡ್‌ನ ಮೇಲಿನ ಸಾಲಿನಲ್ಲಿ ಕ್ಯಾಮೆರಾ ಚಿತ್ರವಿರುವ ಕೀ ಇರುತ್ತದೆ. ಬ್ಯಾಗಿನಿಂದ ತೆಗೆಯುವಾಗಲೋ, ಮಕ್ಕಳು ಆಡುವಾಗಲೋ ಇದು ಒತ್ತಿಹೋಗಿರಬಹುದು. ಇಂಥ ಸ್ವಿಚ್ ಕ್ಯಾಮೆರಾದ ಸಂಪರ್ಕವನ್ನೇ ಕಡಿಯುವುದರಿಂದ ವಿಂಡೋಸ್‌ಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ.

2. ರೀಸ್ಟಾರ್ಟ್. ‘ಆಫ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ’ ಎನ್ನುವವರು ಗಮನಿಸಿ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಂದು ಭಾಗ ಡಿಸ್ಕ್‌ನಲ್ಲಿ ಹಾಗೇ ಉಳಿದು, ಮರಳಿ ಅದೇ ಸ್ಥಿತಿಯಲ್ಲಿ ಏಳುತ್ತದೆ. ಎಲ್ಲವೂ ಹೊಸದಾಗಿ ಶುರುವಾಗಬೇಕಾದರೆ ‘ರೀಸ್ಟಾರ್ಟ್’ ಅನ್ನೇ ಒತ್ತಬೇಕು.

3. ಅನುಮತಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನಂತರ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ನಂತರ ಕ್ಯಾಮೆರಾ. ಕ್ಯಾಮೆರಾ ಬಳಕೆ, ಆ್ಯಪ್‌ಗಳ ಬಳಕೆ, ಡೆಸ್ಕ್‌ಟಾಪ್ ಆ್ಯಪ್‌ಗಳ ಬಳಕೆ ಹೀಗೆ ಅಲ್ಲಿ ಬೇರೆಬೇರೆ ಬಟನ್‌ಗಳಿವೆ. ಒಂದು ಆನ್ ಇದ್ದು ಇನ್ನೊಂದು ಆಫ್ ಇದ್ದರೂ ತೊಂದರೆಯೇ. ಬ್ರೌಸರ್‌ನಲ್ಲಿ ಮಾತ್ರ ಸಮಸ್ಯೆಯಿದ್ದರೆ ವಿಳಾಸ ಬರೆಯುವ ಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ, ಆ ವೆಬ್‌ಸೈಟಿಗೆ ಕ್ಯಾಮೆರಾ ಬ್ಲಾಕ್ ಆಗಿದೆಯೇ ನೋಡಿ. ಕೆಲವು ಆ್ಯಂಟಿವೈರಸ್‌ಗಳಲ್ಲೂ ‘ವೆಬ್‌ಕ್ಯಾಮ್ ರಕ್ಷಣೆ’ ಇರುತ್ತದೆ.

4. ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಇದು ಸಿಗುತ್ತದೆ. ‘ಕ್ಯಾಮೆರಾಸ್’ ಅಥವಾ ‘ಇಮೇಜಿಂಗ್ ಡಿವೈಸಸ್’ ಎಂಬ ಸಾಲು ಹುಡುಕಿ. ಹೆಸರಿನ ಜೊತೆ ಕೆಳಮುಖ ಬಾಣವಿದ್ದರೆ ಯಾರೋ ನಿಷ್ಕ್ರಿಯಗೊಳಿಸಿದ್ದಾರೆ, ‘ಎನೇಬಲ್’ ಒತ್ತಿದರೆ ಸಾಕು. ಹಳದಿ ತ್ರಿಕೋನವಿದ್ದರೆ ಸಾಮಾನ್ಯವಾಗಿ ಡ್ರೈವರ್ ಸಮಸ್ಯೆ. ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಮತ್ತೆ ಡ್ರೈವರ್ ಹಾಕಿಕೊಳ್ಳುತ್ತದೆ. ಆ ಸಾಲೇ ಇಲ್ಲದಿದ್ದರೆ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ಈಗ ಹೆಸರು ಮಸುಕಾಗಿ ಕಂಡರೆ, ಹಿಂದೆ ಇದ್ದ ಕ್ಯಾಮೆರಾ ಈಗ ಸಂಪರ್ಕದಲ್ಲಿಲ್ಲ ಎಂದರ್ಥ.

5. ಬಯೋಸ್. ಕೆಲವು ಮಾದರಿಗಳಲ್ಲಿ ವಿಂಡೋಸ್ ಶುರುವಾಗುವ ಮೊದಲೇ ಕ್ಯಾಮೆರಾ ಬಂದ್ ಮಾಡುವ ಆಯ್ಕೆ ಇಲ್ಲಿರುತ್ತದೆ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿನ ಐಟಿ ವಿಭಾಗವೇ ಬಂದ್ ಮಾಡಿರಬಹುದು. ಅವರನ್ನೇ ಕೇಳಿ.

6. ಕೇಬಲ್. ಕ್ಯಾಮೆರಾ ಆ್ಯಪ್ ತೆರೆದಿಟ್ಟು ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿ. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಹೋದರೆ, ಹಿಂಜ್ ಬಳಿಯ ಕೇಬಲ್ ಸವೆದಿರುವ ಸಾಧ್ಯತೆ ಹೆಚ್ಚು. ಮದರ್‌ಬೋರ್ಡ್ ಬದಲಿಸಬೇಕು ಎಂದು ಅಂಗಡಿಯವರು ಹೇಳಿದರೆ, ಕೇಬಲ್ ಮತ್ತು ಕ್ಯಾಮೆರಾ ಭಾಗವನ್ನು ಮೊದಲು ಪರೀಕ್ಷಿಸಿದ್ದೀರಾ ಎಂದು ಕೇಳಿ.

ಅಪ್‌ಡೇಟ್‌ನಿಂದಲೂ ಕ್ಯಾಮೆರಾ ನಿಲ್ಲುತ್ತದೆಯೇ?

ಹೌದು. 2016ರ ಆಗಸ್ಟ್‌ನಲ್ಲಿ ವಿಂಡೋಸ್ 10ರ ‘ಆ್ಯನಿವರ್ಸರಿ ಅಪ್‌ಡೇಟ್’ ಬಂದಾಗ ಅನೇಕ ವೆಬ್‌ಕ್ಯಾಮ್‌ಗಳು ಕೆಲಸ ನಿಲ್ಲಿಸಿದವು. ಕ್ಯಾಮೆರಾದಿಂದ ಬರುವ ಕೆಲವು ಬಗೆಯ ವಿಡಿಯೊವನ್ನು ಹೊಸ ವಿಂಡೋಸ್ ಆ್ಯಪ್‌ಗಳಿಗೆ ನೇರವಾಗಿ ತಲುಪಿಸದೇ ಹೋಗಿದ್ದೇ ಕಾರಣ. ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಂಡು ಸರಿಪಡಿಸಿತು. 2023ರ ಮೇ ತಿಂಗಳಲ್ಲಿ ಸರ್ಫೇಸ್ ಪ್ರೊ ಎಕ್ಸ್‌ನಂಥ ಕೆಲವು ಸಾಧನಗಳ ಒಳಗಿನ ಕ್ಯಾಮೆರಾಗಳು ಇದ್ದಕ್ಕಿದ್ದಂತೆ ಒಟ್ಟಿಗೇ ನಿಂತವು. ಆಗಲೂ ಪರಿಹಾರ ಬಂದದ್ದು ಕಂಪನಿಯಿಂದಲೇ. ಇಂಥ ಸಂದರ್ಭದಲ್ಲಿ ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ, ಹ್ಯಾಕ್ ಆಗಿಲ್ಲ. ಬಾಕಿ ಇರುವ ಅಪ್‌ಡೇಟ್ ಹಾಕಿ ಕಾಯುವುದು ಅಥವಾ ಹಳೆಯ ಡ್ರೈವರ್‌ಗೆ ಮರಳುವುದು ದಾರಿ.

ಹಾಗಾದರೆ ಹ್ಯಾಕಿಂಗ್ ಭಯ ಪೂರ್ತಿ ಸುಳ್ಳೇ?

ಪೂರ್ತಿ ಸುಳ್ಳಲ್ಲ, ಆದರೆ ತಿರುಗುಮುರುಗಾಗಿದೆ. ನಿಮ್ಮನ್ನು ಗುಟ್ಟಾಗಿ ನೋಡಬೇಕೆನ್ನುವವನಿಗೆ ಬೇಕಾದದ್ದು ಕೆಲಸ ಮಾಡುವ ಕ್ಯಾಮೆರಾ, ಕಾಣೆಯಾದ ಕ್ಯಾಮೆರಾ ಅಲ್ಲ. ನೀವು ಬಳಸದೇ ಇರುವಾಗ ಪಕ್ಕದ ದೀಪ ಉರಿದರೆ ಅನುಮಾನ ಪಡಬೇಕು. ಆ ದೀಪವೂ ನೂರಕ್ಕೆ ನೂರು ಭರವಸೆಯಲ್ಲ. 2008ಕ್ಕಿಂತ ಹಿಂದಿನ ಕೆಲವು ಆ್ಯಪಲ್ ಕಂಪ್ಯೂಟರ್‌ಗಳಲ್ಲಿ ದೀಪ ಉರಿಯದಂತೆ ಮಾಡಿ ಕ್ಯಾಮೆರಾ ನಡೆಸಬಹುದು ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದರು. ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ಅವರ ಲ್ಯಾಪ್‌ಟಾಪ್ ಕ್ಯಾಮೆರಾ ಮೇಲೆ ಟೇಪ್ ಇದ್ದ ಫೋಟೊ 2016ರಲ್ಲಿ ಸುದ್ದಿಯಾಯಿತು.

ಟೇಪ್ ಹಚ್ಚುವುದರಲ್ಲಿ ತಪ್ಪಿಲ್ಲ. ಆದರೆ ದಪ್ಪನೆಯ ಪ್ಲಾಸ್ಟಿಕ್ ಕವರ್ ಬೇಡ. ಅದನ್ನು ಹಾಕಿ ಮ್ಯಾಕ್‌ಬುಕ್ ಮುಚ್ಚಿದರೆ ಪರದೆಗೆ ಹಾನಿಯಾಗಬಹುದು ಎಂದು 2020ರಲ್ಲಿ ಆ್ಯಪಲ್ ಎಚ್ಚರಿಸಿತ್ತು.

ನಿಜವಾದ ಅಪಾಯ ಎಲ್ಲಿದೆ?

ಗಾಬರಿಯಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿದಾಗ ಮೊದಲು ಕಾಣುವುದು ವಂಚಕರ ನಂಬರೂ ಆಗಿರಬಹುದು. ಅವರು ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಲು ಹೇಳುತ್ತಾರೆ. ಆ ಆ್ಯಪ್‌ಗಳು ಕೆಟ್ಟವಲ್ಲ. ಆದರೆ ಅದರ ಕೋಡ್ ಹೇಳಿ ಅನುಮತಿ ಕೊಟ್ಟರೆ ನಿಮ್ಮ ಕಂಪ್ಯೂಟರ್ ಅಪರಿಚಿತನ ಕೈಗೆ ಹೋಗುತ್ತದೆ. ಸಣ್ಣ ಶುಲ್ಕ ಕಟ್ಟಿ ಎಂದು ಅವನು ಬ್ಯಾಂಕ್ ಪುಟ ತೆರೆಸಿದರೆ ಅದೂ ಅವನಿಗೆ ಕಾಣುತ್ತದೆ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ಇದ್ದರೆ ಅದು ನಕಲಿ. ಡ್ರೈವರ್ ಬೇಕಾದರೆ ವಿಂಡೋಸ್ ಅಪ್‌ಡೇಟ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ಪುಟದಿಂದ ಮಾತ್ರ ಪಡೆಯಿರಿ, ಫಾರ್ವರ್ಡ್ ಲಿಂಕ್‌ನಿಂದ ಬೇಡ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಿ.

ಇನ್ನು ಹತ್ತು ನಿಮಿಷದಲ್ಲಿ ಸಂದರ್ಶನವಿದ್ದರೆ? ರಿಪೇರಿಗೆ ಕೂರಬೇಡಿ. ಅದೇ ಲಿಂಕ್ ಅನ್ನು ಫೋನಿನಲ್ಲಿ ತೆರೆದು ಸೇರಿಕೊಳ್ಳಿ. ಹೊರಗಿನಿಂದ ಚುಚ್ಚುವ ಯುಎಸ್‌ಬಿ ವೆಬ್‌ಕ್ಯಾಮ್ ಕೂಡ ಒಳಗಿನ ಕ್ಯಾಮೆರಾದ ಕೆಲಸವನ್ನೇ ಮಾಡುತ್ತದೆ. ಮೇಲಿನ ಆರು ಹಂತಗಳನ್ನು ಆಮೇಲೆ ಸಮಾಧಾನದಿಂದ ನೋಡಬಹುದು.